ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಂತರೆ ದೇಹದ ವಯಸ್ಸು ಗೊತ್ತಾಗುತ್ತಾ?

‘ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲಿ. 10 ಸೆಕೆಂಡು ನಿಲ್ಲಲಾಗದಿದ್ದರೆ ನಿಮ್ಮ ದೇಹಕ್ಕೆ 60-70 ವರ್ಷವಾಗಿದೆ ಎಂದರ್ಥ. ದಿನಾ ಮಾಡಿದರೆ ಬಿಪಿ, ಶುಗರ್ ವಾಸಿ.’ ‘ಜಿನ್ ಜಿ ದು ಲಿ’ ಎಂಬ ಚೀನೀ ಹೆಸರಿನಲ್ಲಿ ವರ್ಷಗಳಿಂದ ಓಡಾಡುತ್ತಿರುವ ಫಾರ್ವರ್ಡ್‌ನ ಸಾರಾಂಶ ಇದು. ಮಕ್ಕಳು ಇದನ್ನು ಆಟದಂತೆ ಆಡಿ ಮರೆಯುತ್ತಾರೆ. ಅಜ್ಜ-ಅಜ್ಜಿಯರು ನಂಬಿ ಮಾಡುತ್ತಾರೆ. ನಮಗೆ ಚಿಂತೆ ಅವರದ್ದೇ.

ಮೊದಲು ಲೆಕ್ಕ ನೋಡೋಣ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 18ರಿಂದ 39 ವರ್ಷದ ಆರೋಗ್ಯವಂತರು ಕಣ್ಣು ತೆರೆದು ಒಂಟಿಕಾಲಲ್ಲಿ ಸರಾಸರಿ 40 ಸೆಕೆಂಡಿಗೂ ಹೆಚ್ಚು ನಿಂತರು. ಕಣ್ಣು ಮುಚ್ಚಿದಾಗ ನಿಂತದ್ದು 10 ಸೆಕೆಂಡಿನ ಆಸುಪಾಸು ಮಾತ್ರ. ಫಾರ್ವರ್ಡ್ ಪ್ರಕಾರ ಇವರಲ್ಲೂ ಎಷ್ಟೋ ಜನ ಮುದುಕರೇ!

ಯಾಕೆ ಇಷ್ಟು ವ್ಯತ್ಯಾಸ? ಕಣ್ಣು ಇರುವುದು ನೋಡಲಿಕ್ಕೆ ಎಂದು ಯಾವ ವಿದ್ಯಾರ್ಥಿಯಾದರೂ ಹೇಳುತ್ತಾರೆ. ಅದೇ ಕಣ್ಣು ಕಾಲಿನ ಸ್ನಾಯುಗಳನ್ನೂ ಕ್ಷಣಕ್ಷಣಕ್ಕೆ ತಿದ್ದುತ್ತಿರುತ್ತದೆ ಎಂಬುದು ಅಷ್ಟಾಗಿ ತಲೆಗೆ ಬಂದಿರುವುದಿಲ್ಲ. ಸಮತೋಲನ ಅನುಮಸ್ತಿಷ್ಕದ ಕೆಲಸ ಎಂದು ಹತ್ತನೇ ತರಗತಿಯಲ್ಲಿ ಓದಿರುತ್ತಾರೆ, ಸರಿಯೇ. ಆದರೆ ಮೆದುಳಿಗೆ ಸುದ್ದಿ ಮುಟ್ಟಿಸುವವರು ಮೂವರು: ಕಣ್ಣು, ಒಳಗಿವಿ, ಮತ್ತೆ ಸ್ನಾಯು-ಕೀಲು-ಪಾದಗಳ ನರಗಳು. ದೇಹ ಕೊಂಚ ವಾಲಿದರೂ ಎದುರಿನ ದೃಶ್ಯ ಜರುಗುತ್ತದೆ, ಮೆದುಳು ಅದನ್ನು ಗಮನಿಸಿ ಸ್ನಾಯುವನ್ನು ಬಿಗಿ ಮಾಡುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮಕ್ಕಳಿಗೆ ಇದರ ಉದಾಹರಣೆ ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ, ಮಳೆಗಾಲದ ಕಾಲುಸಂಕವೇ ಸಾಕು. ತುಂಬಿ ಹರಿಯುವ ಹಳ್ಳದ ಮೇಲೆ ನಿಂತು ಕೆಳಗೆ ನೋಡಿದರೆ ನೀರಲ್ಲ, ನಾವೇ ನೀರಿಗೆ ಎದುರಾಗಿ ಸರಿಯುತ್ತಿದ್ದೇವೆ ಅನ್ನಿಸುತ್ತದೆ. ಮೆದುಳು ಇಲ್ಲದ ವಾಲುವಿಕೆಯನ್ನು ಸರಿಪಡಿಸಲು ಹೋಗುತ್ತದೆ, ದೇಹ ನೀರು ಹೋಗುವ ಕಡೆಗೇ ವಾಲುತ್ತದೆ. ‘ನೀರ್ ನೋಡ್ಬೇಡ, ಆಚೆ ದಡ ನೋಡ್ಕೊಂಡು ಬಾ’ ಎನ್ನುವುದು ಬರೀ ಧೈರ್ಯದ ಮಾತಲ್ಲ. ಕದಲದ ದಡ ಕಣ್ಣಿಗೆ ಸಿಕ್ಕರೆ ಕಾಲಿಗೆ ಸರಿಯಾದ ಸುದ್ದಿ ಹೋಗುತ್ತದೆ. 1974ರಲ್ಲಿ ಡೇವಿಡ್ ಲೀ ಮತ್ತು ಎರಿಕ್ ಆರನ್ಸನ್ ಇದನ್ನೇ ಬೇರೆ ಬಗೆಯಲ್ಲಿ ತೋರಿಸಿದ್ದರು. ಅಲ್ಲಿ ನೆಲ ಅಲುಗದೆ ಸುತ್ತಲ ಗೋಡೆಗಳಷ್ಟೇ ಸರಿದವು. ಆಗಷ್ಟೇ ನಿಲ್ಲಲು ಕಲಿತ ಮಕ್ಕಳು ಗೋಡೆ ಸರಿದ ಕಡೆಗೆ ವಾಲಿದರು, ಕೆಲವರು ಬಿದ್ದೂ ಬಿಟ್ಟರು.

ಇನ್ನು ಅಪಾಯದ ವಿಷಯ. ಹಳೆಯ ಸಕ್ಕರೆ ಕಾಯಿಲೆ ಇರುವ ಎಷ್ಟೋ ಜನರಿಗೆ ಪಾದದ ಸ್ಪರ್ಶ ಮಂದವಾಗಿರುತ್ತದೆ. ಕಾಲಿನಿಂದ ಬರಬೇಕಾದ ಸುದ್ದಿ ಕಮ್ಮಿಯಾದಾಗ ಅವರು ಕಣ್ಣನ್ನೇ ನಂಬಿ ನಡೆಯುತ್ತಾರೆ. ಕರೆಂಟ್ ಹೋದ ರಾತ್ರಿ ಬಚ್ಚಲಿಗೆ ಹೋಗುವಾಗ, ಮುಖಕ್ಕೆ ನೀರು ಹಾಕಲು ಕಣ್ಣು ಮುಚ್ಚಿದಾಗ ತೂರಾಡುವುದು ಇದರಿಂದಲೂ ಇರಬಹುದು. ಇದರ ವಿಪರೀತ ರೂಪ ಬ್ರಿಟನ್ನಿನ ಇಯಾನ್ ವಾಟರ್‌ಮನ್ ಅವರದ್ದು. 1971ರಲ್ಲಿ, 19ರ ವಯಸ್ಸಿನಲ್ಲಿ, ಕಾಯಿಲೆಯೊಂದರಿಂದ ಕುತ್ತಿಗೆಯ ಕೆಳಗೆ ಸ್ಪರ್ಶವೂ ಕೈಕಾಲು ಎಲ್ಲಿದೆ ಎಂಬ ಅರಿವೂ ಹೋಯಿತು. ಸ್ನಾಯುಗಳಿಗೆ ಏನೂ ಆಗಿರಲಿಲ್ಲ. ಪ್ರತಿ ಚಲನೆಯನ್ನೂ ಕಣ್ಣಿಂದ ನೋಡುತ್ತಾ ಮತ್ತೆ ನಡೆಯಲು ಕಲಿತರು. ದೀಪ ಆರಿದರೆ ಕುಸಿದು ಬೀಳುತ್ತಿದ್ದರು.

ಶುಗರ್ ವಾಸಿಯಾಗುತ್ತದೆ ಎಂದು ಈ ಫಾರ್ವರ್ಡ್ ಕಣ್ಣು ಮುಚ್ಚಲು ಹೇಳುತ್ತಿರುವುದು ಇಂಥ ಶುಗರ್ ಇರುವವರಿಗೇ. ವಾಸಿಯಾಗುತ್ತದೆ ಎನ್ನಲು ಆಧಾರವಿಲ್ಲ. ಬಿದ್ದು ಸೊಂಟ ಮುರಿಯುವ ಸಾಧ್ಯತೆ ಮಾತ್ರ ನಿಜ.

‘ಸಂಶೋಧನೆಯೇ ಹೇಳಿದೆಯಲ್ಲ’ ಎನ್ನುವವರೂ ಇದ್ದಾರೆ. 2022ರ ಬ್ರೆಜಿಲ್ ಅಧ್ಯಯನದಲ್ಲಿ 51ರಿಂದ 75 ವರ್ಷದ 1,702 ಜನರನ್ನು ಒಂಟಿಕಾಲಲ್ಲಿ ನಿಲ್ಲಿಸಿದ್ದು ಹೌದು. 10 ಸೆಕೆಂಡು ನಿಲ್ಲಲಾಗದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಅದು ನಂಟು ಮಾತ್ರ, ಕಾರಣವಲ್ಲ. ಮುಖ್ಯವಾಗಿ, ಅಲ್ಲಿ ಎಲ್ಲರೂ ನೇರ ಮುಂದೆ ನೋಡುತ್ತಾ ಕಣ್ಣು ತೆರೆದೇ ನಿಂತಿದ್ದರು.

ಮನೆಯಲ್ಲಿ ಹಿರಿಯರಿಗೆ ಮಾಡಲೇಬೇಕು ಅನ್ನಿಸಿದರೆ ಅಡುಗೆಕಟ್ಟೆ ಕೈಗೆಟಕುವಂತಿರಲಿ, ಪಕ್ಕದಲ್ಲಿ ಒಬ್ಬರಿರಲಿ, ಕಣ್ಣು ತೆರೆದೇ ಇರಲಿ.