ಬೀಗ ಹಾಕಿದ ಗಡಿಯಾರ

೧೭೮೪ನೆಯ ಇಸವಿ ಆಗಸ್ಟ್ ತಿಂಗಳ ೨ನೆಯ ತಾರೀಖು ಸಂಜೆ ನಾಲ್ಕು ಗಂಟೆಗೆ ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಿಂದ ಟಪಾಲು ಹೊತ್ತ ಕುದುರೆಗಾಡಿಯೊಂದು ಹೊರಟಿತು. ಮರುದಿನ ಬೆಳಗ್ಗೆ ಎಂಟಕ್ಕೆ ಅದು ಲಂಡನ್ನಿನಲ್ಲಿತ್ತು. ಅಲ್ಲಿಯವರೆಗೆ ಆ ಸೀಮೆಯ ಕಾಗದಪತ್ರಗಳು ರಾಜಧಾನಿಯನ್ನು ಮುಟ್ಟಲು ಮೂರು ದಿನ ಹಿಡಿದದ್ದೂ ಉಂಟು. ಈ ಏರ್ಪಾಡನ್ನು ಹೂಡಿದವನು ಜಾನ್ ಪಾಮರ್. ಬಾತ್ ಪಟ್ಟಣದ ನಾಟಕಶಾಲೆಯ ಒಡೆಯ. ನಟರನ್ನೂ ಪರದೆಗಳನ್ನೂ ಊರಿಂದೂರಿಗೆ ಹೊತ್ತಿಗೆ ಸರಿಯಾಗಿ ಸಾಗಿಸಿ ಪಳಗಿದ್ದವನಿಗೆ, ಕಾಗದದ ಚೀಲಗಳು ಮಾತ್ರ ಏಕೆ ತಡವಾಗಬೇಕು ಎಂದು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಪಾಮರನ ಏರ್ಪಾಡಿನಲ್ಲಿ ಕುದುರೆಗಳೂ ಸಾರಥಿಯೂ ಗುತ್ತಿಗೆದಾರರ ಕಡೆಯವು. ಅಂಚೆಯ ನೌಕರನೆಂದರೆ ಗಾಡಿಯ ಹಿಂದೆ ನಿಲ್ಲುತ್ತಿದ್ದ ಕಾವಲುಗಾರನೊಬ್ಬನೆ. ಅವನ ಬಳಿ ಬಂದೂಕಿತ್ತು, ಕಹಳೆಯಿತ್ತು. ಜೊತೆಗೆ ಒಂದು ಗಡಿಯಾರವೂ ಇತ್ತು. ಆ ಗಡಿಯಾರ ಬೀಗ ಹಾಕಿದ ಪೆಟ್ಟಿಗೆಯಲ್ಲಿರುತ್ತಿತ್ತು. ಕಾವಲುಗಾರ ಹೊತ್ತನ್ನು ನೋಡಬಹುದು, ಮುಳ್ಳನ್ನು ಮುಟ್ಟುವ ಹಾಗಿಲ್ಲ. ಕುದುರೆ ಬದಲಿಸುವ ಕಟ್ಟೆ ಕಟ್ಟೆಯಲ್ಲಿಯೂ ಬಂದ ಹೊತ್ತು, ಬಿಟ್ಟ ಹೊತ್ತು ಕಾಗದಕ್ಕೆ ಏರಬೇಕು. ಪೂರ್ವಕ್ಕೋ ಪಶ್ಚಿಮಕ್ಕೋ ಹೋಗುತ್ತ ಊರೂರಿನ ಹೊತ್ತು ಬೇರೆಯಾಗುತ್ತಿದ್ದ ಕಾಲ ಅದು. ಅದಕ್ಕೆ ತಕ್ಕಂತೆ ಗಡಿಯಾರವನ್ನು ತುಸು ಮುಂದೋಡುವಂತೆಯೋ ಹಿಂದೆ ಬೀಳುವಂತೆಯೋ ಮೊದಲೇ ತಿದ್ದಿ ಕೊಡುತ್ತಿದ್ದರು.

ಈ ಪುಟ್ಟ ಬೀಗದಲ್ಲಿ ಇಂದಿನ ಒಂದು ಭಾರೀ ಉದ್ಯಮದ ಬೀಜವಿದೆ. ಸಾವಿರಾರು ಲಾರಿ, ಬಸ್ಸು, ವ್ಯಾನುಗಳನ್ನು ದೂರದ ಕೋಣೆಯಿಂದ ನಡೆಸುವ ಸಾಫ್ಟ್‌ವೇರು, ಚಾಲಕನ ಆಕಳಿಕೆಯನ್ನು ಗುರುತಿಸುವ ಕೃತಕ ಬುದ್ಧಿ ಇವೆಲ್ಲ ನಿನ್ನೆ ಮೊನ್ನೆ ಆಕಾಶದಿಂದ ಇಳಿದವೆಂದು ಭಾವಿಸುವವರುಂಟು. ಯಂತ್ರಗಳೇನೋ ಹೊಸವು. ಆದರೆ ಕಣ್ಣಿಗೆ ಮರೆಯಾದ ಗಾಡಿಯ ಸಂಗತಿಯನ್ನು ಯಾರ ಬಾಯಿಂದ ಕೇಳಬೇಕು, ಯಾರ ಮಾತನ್ನು ನಂಬಬೇಕು, ಕೇಳಿದ್ದನ್ನು ಯಾರ ಮೇಲೆ ಪ್ರಯೋಗಿಸಬೇಕು ಎಂಬ ವ್ಯಾಜ್ಯ ಬಹಳ ಹಳೆಯದು.

ಬಾಡಿಗೆ ಗಾಡಿಯ ಮೀಟರಿನ ಕಥೆ ಚಿಕ್ಕದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಜರ್ಮನಿಯಲ್ಲಿ ಅದು ರೂಪುಗೊಂಡಿತು. ಸಾರಥಿ ಹೇಳಿದ ಬಾಡಿಗೆಯನ್ನು ಪ್ರಯಾಣಿಕ ನಂಬದಿದ್ದುದರಿಂದ ನಡುವೆ ಒಂದು ಯಂತ್ರ ಬಂದು ಕುಳಿತಿತು. ನಮ್ಮ ಆಟೋರಿಕ್ಷಾಗಳ ಮೀಟರು ಅದರ ವಂಶಸ್ಥ. ಅದರ ಸತ್ಯಸಂಧತೆಯ ಚರ್ಚೆ ಇಲ್ಲಿ ಬೇಡ.

ಇದಕ್ಕಿಂತ ಸ್ವಾರಸ್ಯವಾದದ್ದು ಟ್ಯಾಕೋಗ್ರಾಫ್ ಎಂಬ ಯಂತ್ರದ ಚರಿತ್ರೆ. ಮೇಣ ಹಚ್ಚಿದ ಒಂದು ದುಂಡು ಕಾಗದ; ಇಪ್ಪತ್ತನಾಲ್ಕು ಗಂಟೆಗೆ ಅದು ಒಂದು ಸುತ್ತು ತಿರುಗುತ್ತದೆ. ಅದರ ಮೇಲೆ ಸೂಜಿಗಳು ಗೀರುತ್ತ ಹೋಗುತ್ತವೆ. ಗಾಡಿಯ ವೇಗವೆಷ್ಟು, ಓಡಿದ ದೂರವೆಷ್ಟು, ಚಾಲಕ ದುಡಿದದ್ದು ಎಷ್ಟು ಹೊತ್ತು, ವಿರಮಿಸಿದ್ದು ಎಷ್ಟು ಹೊತ್ತು ಎಲ್ಲವೂ ಆ ಕಾಗದದ ಚಕ್ರದಲ್ಲಿ ದಾಖಲು. ಇದನ್ನು ಕಡ್ಡಾಯ ಮಾಡಿದವರಲ್ಲಿ ಪಶ್ಚಿಮ ಜರ್ಮನಿ ಮೊದಲಿನದು. ೧೯೭೦ರಲ್ಲಿ ಯೂರೋಪಿನ ಆರ್ಥಿಕ ಸಮುದಾಯ ತನ್ನ ಎಲ್ಲ ದೇಶಗಳಿಗೂ ಅನ್ವಯಿಸುವ ನಿಯಮ ಹೊರಡಿಸಿತು. ಉದ್ದೇಶವೇನೋ ದೊಡ್ಡದೆ: ಹದಿನೈದು ಹದಿನಾರು ಗಂಟೆ ಎಡೆಬಿಡದೆ ಲಾರಿ ನಡೆಸಿ ನಿದ್ದೆಗಣ್ಣಿನಲ್ಲಿ ಜನರ ಮೇಲೆ ಹಾಯಿಸುವುದು ನಿಲ್ಲಬೇಕು, ಚಾಲಕನಿಗೆ ವಿಶ್ರಾಂತಿ ಸಿಗಬೇಕು.

ಹೀಗೆ ಚಾಲಕನ ನಿದ್ದೆಯನ್ನು ಕಾಯಲು ಹುಟ್ಟಿದ ಯಂತ್ರವನ್ನು ಬ್ರಿಟನ್ನಿನಲ್ಲಿ ಚಾಲಕರೇ ಮುಂದೆ ನಿಂತು ವಿರೋಧಿಸಿದರು. ೧೯೬೮ರಲ್ಲಿ ಸಾರಿಗೆ ಮಂತ್ರಿಣಿ ಬಾರ್ಬರಾ ಕ್ಯಾಸಲ್ ಅದಕ್ಕೆ ಕಾನೂನಿನಲ್ಲಿ ಎಡೆಮಾಡಿದಾಗಲೇ ಗದ್ದಲವೆದ್ದಿತ್ತು. ‘ಕ್ಯಾಬಿನ್ನಿನೊಳಗಿನ ಗೂಢಚಾರ’ ಎಂದು ಅದಕ್ಕೆ ಹೆಸರು ಬಿತ್ತು. ಆ ಹೆಸರು ಯಂತ್ರದ ನಿಜವಾದ ಹೆಸರಿಗಿಂತ ಹೆಚ್ಚು ಕಾಲ ಜನರ ಬಾಯಲ್ಲಿತ್ತು. ೧೯೭೩ರಲ್ಲಿ ಬ್ರಿಟನ್ ಸಮುದಾಯವನ್ನು ಸೇರಿದ ಮೇಲೂ ಸರ್ಕಾರ ಕಾರ್ಮಿಕ ಸಂಘದ ಮುನಿಸಿಗೆ ಅಂಜಿ ವರ್ಷ ವರ್ಷವೂ ತಳ್ಳಿಕೊಂಡು ಬಂದಿತು. ಕೊನೆಗೆ ೧೯೭೯ರ ಫೆಬ್ರವರಿಯಲ್ಲಿ ಯೂರೋಪಿನ ನ್ಯಾಯಾಲಯ ಬ್ರಿಟನ್ನಿನ ವಿರುದ್ಧ ತೀರ್ಪು ಕೊಟ್ಟಿತು. ಒಂದು ದುಂಡು ಕಾಗದದ ಸಲುವಾಗಿ ಒಂದು ರಾಜ್ಯವೇ ಕಟಕಟೆಯಲ್ಲಿ ನಿಂತಂತಾಯಿತು.

ಚಾಲಕರ ಹಟವನ್ನು ಕೇವಲ ಅವಿವೇಕವೆಂದು ತಳ್ಳಿಹಾಕುವಂತಿಲ್ಲ. ದಾರಿಯ ಮೇಲೆ ತನ್ನ ಕೆಲಸಕ್ಕೆ ತಾನೇ ಯಜಮಾನ ಎಂಬುದು ಲಾರಿಯವನಿಗೆ ಇದ್ದ ಒಂದೇ ಐಶ್ವರ್ಯ. ಊಟಕ್ಕೆ ಎಲ್ಲಿ ನಿಂತೆ, ಎಷ್ಟು ಹೊತ್ತು ನಿಂತೆ ಎಂದು ಕೇಳುವ ಬಾಯಿ ಅವನ ಹಿಂದೆ ಇರಲಿಲ್ಲ. ಅದೂ ಅಲ್ಲದೆ ದುಡಿಮೆಯ ಗಂಟೆ ಕಡಮೆಯಾದರೆ ಮನೆಗೆ ಬರುವ ಹಣವೂ ಕಡಮೆಯಾದೀತು. ಗಂಟೆಯನ್ನು ಅಳೆಯುವ ಯಂತ್ರ ಬಂತು, ಕೂಲಿಯನ್ನು ತಿದ್ದುವ ಯಂತ್ರ ಬರಲಿಲ್ಲ. ಪರಿಣಾಮವಾಗಿ ಸೂಜಿಯನ್ನು ಬಗ್ಗಿಸುವ ವಿದ್ಯೆ ಬೆಳೆಯಿತು. ೨೦೦೬ರಿಂದ ಹೊಸ ಗಾಡಿಗಳಲ್ಲಿ ಕಾಗದ ಹೋಗಿ ವಿದ್ಯುನ್ಮಾನ ಯಂತ್ರ ಬಂದಾಗ, ಸಂಜ್ಞೆ ಕಳುಹಿಸುವ ಭಾಗಕ್ಕೆ ಆಯಸ್ಕಾಂತವನ್ನು ಅಂಟಿಸಿ ಓಡುವ ಲಾರಿಯನ್ನು ನಿಂತಂತೆ ತೋರಿಸುವ ವಿದ್ಯೆ ಬಂತು.

ಅಮೆರಿಕದಲ್ಲಿ ಯಂತ್ರವಿಲ್ಲದೆ ಚಾಲಕನ ಕೈಬರಹವನ್ನೇ ನಂಬಿಕೊಂಡು ಬಹುಕಾಲ ನಡೆಯಿತು. ೧೯೩೦ರ ದಶಕದ ಕೊನೆಯಿಂದ ಅಲ್ಲಿನ ಲಾರಿ ಚಾಲಕರ ದುಡಿಮೆಯ ಗಂಟೆಗಳಿಗೆ ಸರ್ಕಾರದ ಮಿತಿಯುಂಟು. ಅದಕ್ಕೆ ಸಾಕ್ಷಿ ಅವರೇ ಬರೆಯುವ ಲಾಗ್ ಪುಸ್ತಕ. ಚಾಲಕರು ತಮ್ಮಲ್ಲಿ ಅದನ್ನು ‘ಕಾಮಿಕ್ ಪುಸ್ತಕ’ ಎಂದು ಕರೆದುಕೊಳ್ಳುತ್ತಿದ್ದರು ಎಂದಮೇಲೆ ಒಳಗಿನ ಬರವಣಿಗೆ ಎಂತಹುದೆಂದು ವಿವರಿಸಬೇಕಾದ್ದಿಲ್ಲ. ಲಾರಿ ಎಲ್ಲಿದೆ ಎಂಬುದನ್ನು ಮಾಲೀಕ ತಿಳಿಯಬೇಕಾದರೆ ಚಾಲಕ ಹಾದಿಯಲ್ಲಿ ನಿಂತು ನಾಣ್ಯ ಹಾಕಿ ಟೆಲಿಫೋನು ಮಾಡಬೇಕು. ಅದಕ್ಕಾಗಿ ಸರದಿಯಲ್ಲಿ ಕಾಯಬೇಕು.

ಈ ಸ್ಥಿತಿ ತಿರುಗಿದ್ದು ೧೯೮೮ರಲ್ಲಿ. ಸ್ಯಾನ್ ಡಿಯಾಗೋ ನಗರದ ಕ್ವಾಲ್‌ಕಾಮ್ ಎಂಬ ಕಂಪೆನಿ ಹುಟ್ಟಿ ಆಗ ಮೂರು ವರ್ಷ. ಅದು ಓಮ್ನಿಟ್ರ್ಯಾಕ್ಸ್ ಎಂಬ ಏರ್ಪಾಡನ್ನು ತಂದಿತು: ಲಾರಿಯ ತಲೆಯ ಮೇಲೊಂದು ಆಂಟೆನಾ, ಕ್ಯಾಬಿನ್ನಿನಲ್ಲಿ ಒಂದು ಕೀಲಿಮಣೆ, ನಡುವೆ ಆಕಾಶದ ಉಪಗ್ರಹ. ವಿಸ್ಕಾನ್ಸಿನ್ ಪ್ರಾಂತದ ಷ್ನೈಡರ್ ನ್ಯಾಷನಲ್ ಎಂಬ ಲಾರಿ ಸಂಸ್ಥೆ ಇದರ ಮೊದಲ ದೊಡ್ಡ ಗಿರಾಕಿ. ಅಮೆರಿಕದ ಜಿಪಿಎಸ್ ವ್ಯವಸ್ಥೆ ಪೂರ್ಣಗೊಂಡದ್ದು ೧೯೯೫ರಲ್ಲಿ. ಅದಕ್ಕೂ ಏಳು ವರ್ಷ ಮೊದಲೇ ಮಾಲೀಕನ ಮೇಜಿನ ಮೇಲೆ ಲಾರಿಯ ನೆಲೆ ಕಾಣಿಸತೊಡಗಿತ್ತು. ಇದರಿಂದ ಬಂದ ಲಾಭವನ್ನು ಆ ಕಂಪೆನಿ ಸಿಡಿಎಂಎ ಎಂಬ ಮೊಬೈಲ್ ವಿದ್ಯೆಯ ಮೇಲೆ ಹಾಕಿ ಬೆಳೆಸಿತು. ನಮ್ಮ ಜೇಬಿನ ಫೋನು ಅಮೆರಿಕದ ಲಾರಿಗಳಿಗೆ ಇಷ್ಟರ ಮಟ್ಟಿಗೆ ಋಣಿ.

ಲಾರಿ ಎಲ್ಲಿದೆ ಎಂಬುದು ತಿಳಿಯಿತು. ಎಲ್ಲಿಗೆ ಹೋಗಬೇಕು, ಯಾವ ಕ್ರಮದಲ್ಲಿ ಹೋಗಬೇಕು ಎಂಬುದು ಬೇರೆ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಿದವರು ಗಣಿತಜ್ಞರು. ಹಾಲೆಂಡಿನ ಡೈಕ್‌ಸ್ಟ್ರಾ ಎರಡು ಊರುಗಳ ನಡುವಣ ಅತಿ ಹತ್ತಿರದ ದಾರಿಯನ್ನು ಕಂಡುಹಿಡಿಯುವ ಕ್ರಮವನ್ನು ೧೯೫೬ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಾಫಿ ಅಂಗಡಿಯೊಂದರಲ್ಲಿ, ಮುಂದೆ ತನ್ನ ಮಡದಿಯಾಗಲಿದ್ದವಳ ಜೊತೆ ಕುಳಿತಿದ್ದಾಗ, ಕಾಗದ ಪೆನ್ಸಿಲುಗಳಿಲ್ಲದೆ ಇಪ್ಪತ್ತು ನಿಮಿಷದಲ್ಲಿ ಯೋಚಿಸಿದ. ಕಾಫಿಗೆ ಇಂತಹ ಕೀರ್ತಿ ದೊರೆತದ್ದು ನಮ್ಮವರಿಗೆ ಸಂತೋಷದ ವಿಷಯವೆ. ೧೯೫೯ರಲ್ಲಿ ಅವನ ಲೇಖನ ಪ್ರಕಟವಾಯಿತು. ಅದೇ ವರ್ಷ ಅಮೆರಿಕದಲ್ಲಿ ಡ್ಯಾಂಟ್‌ಸಿಗ್ ಮತ್ತು ರಾಮ್ಸರ್ ಎಂಬಿಬ್ಬರು ಪೆಟ್ರೋಲು ಲಾರಿಗಳನ್ನು ಬಂಕುಗಳಿಗೆ ಕಳುಹಿಸುವ ಲೆಕ್ಕವನ್ನು ಪ್ರಕಟಿಸಿದರು. ಲೆಕ್ಕ ಸುಲಭವಾಗಿ ಕಾಣುತ್ತದೆ, ಆದರೆ ಹಾಗಲ್ಲ. ಹತ್ತು ಮನೆಗಳಿಗೆ ಸಾಮಾನು ಮುಟ್ಟಿಸಲು ೩೬,೨೮,೮೦೦ ಬೇರೆ ಬೇರೆ ಕ್ರಮಗಳಿವೆ. ಇಪ್ಪತ್ತು ಮನೆಗಳಾದರೆ ಆ ಸಂಖ್ಯೆಗೆ ಹತ್ತೊಂಬತ್ತು ಅಂಕೆ. ಅಮೆರಿಕದ ಯುಪಿಎಸ್ ಸಂಸ್ಥೆಯ ಚಾಲಕ ದಿನಕ್ಕೆ ನಿಲ್ಲುವ ಕಡೆಗಳು ನೂರಕ್ಕೂ ಮೇಲೆ. ಆ ಸಂಸ್ಥೆ ಓರಿಯನ್ ಎಂಬ ಸಾಫ್ಟ್‌ವೇರನ್ನು ೨೦೧೩ರಿಂದ ಹಂತಹಂತವಾಗಿ ಹಬ್ಬಿಸಿ, ವರ್ಷಕ್ಕೆ ಹತ್ತು ಕೋಟಿ ಮೈಲಿಯಷ್ಟು ಓಟ ಉಳಿಯಿತೆಂದು ಹೇಳಿಕೊಂಡಿತು. ಎಡಕ್ಕೆ ತಿರುಗುವುದನ್ನು ಆದಷ್ಟು ತಪ್ಪಿಸಬೇಕೆಂಬುದು ಅವರ ಹಳೆಯ ಸೂತ್ರ. ರಸ್ತೆಯ ಎಡಬದಿಯಲ್ಲಿ ಹೋಗುವ ನಾವು ಅದನ್ನು ಬಲತಿರುವೆಂದು ಓದಿಕೊಳ್ಳಬೇಕು.

ಈ ಲೆಕ್ಕದಲ್ಲಿ ಗೆದ್ದದ್ದು ಎಣ್ಣೆ, ಗೆದ್ದದ್ದು ಹೊತ್ತು. ಆದರೆ ಯಾವ ಓಣಿಯಲ್ಲಿ ಶಾಲೆ ಬಿಡುವ ಹೊತ್ತಿಗೆ ಗಾಡಿ ತಿರುಗದು, ಯಾವ ಅಂಗಡಿಯವನು ಮಧ್ಯಾಹ್ನ ಬಾಗಿಲು ಹಾಕುತ್ತಾನೆ ಎಂದು ಇಪ್ಪತ್ತು ವರ್ಷದ ಅನುಭವದಿಂದ ಬಲ್ಲ ಚಾಲಕನ ವಿದ್ಯೆಗೆ ಅಂದಿನಿಂದ ಬೆಲೆ ಇಳಿಯಿತು. ಯಂತ್ರ ಹೇಳಿದಂತೆ ಹೋದೆಯಾ ಇಲ್ಲವಾ ಎಂಬುದು ಅವನ ಅಂಕಪಟ್ಟಿಯಾಯಿತು.

ಯಂತ್ರದ ಸಾಕ್ಷಿ ಎಂದೆಂದಿಗೂ ನಿಷ್ಪಕ್ಷಪಾತವೆಂಬ ನಂಬಿಕೆಗೆ ೨೦೧೫ರ ಸೆಪ್ಟೆಂಬರಿನಲ್ಲಿ ದೊಡ್ಡ ಪೆಟ್ಟು ಬಿತ್ತು. ಅಷ್ಟು ಹೊತ್ತಿಗೆ ಮೋಟಾರಿನ ಒಳಗೇ ಹತ್ತಾರು ಪುಟ್ಟ ಕಂಪ್ಯೂಟರುಗಳು ಸೇರಿಹೋಗಿದ್ದವು. ಅವು ಪರಸ್ಪರ ಮಾತನಾಡಿಕೊಳ್ಳುವ ತಂತಿಯ ಭಾಷೆಯನ್ನು ಬಾಷ್ ಕಂಪೆನಿ ೧೯೮೬ರಲ್ಲೇ ಹೊರತಂದಿತ್ತು. ಫೋಕ್ಸ್‌ವ್ಯಾಗನ್ ಕಂಪೆನಿಯ ಡೀಸೆಲ್ ಕಾರುಗಳ ಸಾಫ್ಟ್‌ವೇರಿಗೆ, ತನ್ನನ್ನು ಈಗ ಪರೀಕ್ಷೆ ಮಾಡುತ್ತಿದ್ದಾರೆ ಎಂದು ಗುರುತಿಸುವ ಜಾಣತನವಿತ್ತು. ಪರೀಕ್ಷೆಯ ಹೊತ್ತಿನಲ್ಲಿ ಹೊಗೆ ಶುದ್ಧ, ಹಾದಿಗಿಳಿದರೆ ವಿಷ. ಜಗತ್ತಿನಾದ್ಯಂತ ಅಂತಹ ಗಾಡಿಗಳು ಸುಮಾರು ಒಂದು ಕೋಟಿ ಹತ್ತು ಲಕ್ಷ. ಸೂಜಿ ಬಗ್ಗಿಸಿದ ಲಾರಿಯವನಿಗೆ ದಂಡ ಹಾಕಿದ ಲೋಕ, ಲಾರಿ ಕಾರು ಮಾಡುವವರೇ ಸೂಜಿ ಬಗ್ಗಿಸಿದ್ದನ್ನು ಕಂಡು ಕೊಂಚ ಬೆರಗಾಯಿತು.

ಅಮೆರಿಕದ ‘ಕಾಮಿಕ್ ಪುಸ್ತಕ’ಗಳ ಕಾಲ ಮುಗಿದದ್ದು ೨೦೧೭ರ ಡಿಸೆಂಬರ್ ೧೮ರಂದು. ಬಹುತೇಕ ದೂರದ ಲಾರಿಗಳಲ್ಲಿ ಅಂದಿನಿಂದ ಎಂಜಿನಿಗೆ ಜೋಡಿಸಿದ ಯಂತ್ರವೇ ದಿನಚರಿ ಬರೆಯತಕ್ಕದ್ದೆಂದು ಕಾನೂನು ಬಂತು. ಇದರ ಫಲವನ್ನು ಪರಿಶೀಲಿಸಿದ ವಿಶ್ವವಿದ್ಯಾನಿಲಯದ ಸಂಶೋಧಕರು ಕಂಡದ್ದು ವಿಚಿತ್ರವಾಗಿದೆ. ಗಂಟೆಯ ನಿಯಮ ಮೀರುವುದು ನಿಜಕ್ಕೂ ತಗ್ಗಿತು. ಅಪಘಾತಗಳು ಮಾತ್ರ ತಗ್ಗಿದಂತೆ ಕಾಣಲಿಲ್ಲ. ಚಿಕ್ಕ ಸಂಸ್ಥೆಗಳ ಚಾಲಕರಲ್ಲಿ ಅತಿವೇಗದ ತಪ್ಪುಗಳು ಹೆಚ್ಚಿದವು. ಕಾರಣ ಊಹಿಸುವುದು ಕಷ್ಟವಲ್ಲ. ಅಲ್ಲಿ ಅನೇಕ ಚಾಲಕರಿಗೆ ಕೂಲಿ ಮೈಲಿಯ ಲೆಕ್ಕದಲ್ಲಿ. ಉಗ್ರಾಣದ ಮುಂದೆ ಸರಕು ಇಳಿಸುವವರನ್ನು ಕಾಯುತ್ತ ನಿಂತ ನಾಲ್ಕು ಗಂಟೆಗೆ ಎಷ್ಟೋ ವೇಳೆ ಕೂಲಿಯಿಲ್ಲ, ಆದರೆ ಯಂತ್ರದ ಗಡಿಯಾರ ಆಗಲೂ ಓಡುತ್ತಿರುತ್ತದೆ. ಹಿಂದೆ ಆ ನಷ್ಟವನ್ನು ಅವನು ಪುಸ್ತಕದಲ್ಲಿ ಸುಳ್ಳು ಬರೆದು ತುಂಬಿಕೊಳ್ಳುತ್ತಿದ್ದ. ಈಗ ಕಾಲಿನಿಂದ ವೇಗವನ್ನು ಒತ್ತಿ ತುಂಬಿಕೊಳ್ಳುತ್ತಾನೆ. ಸುಳ್ಳು ಹೋದದ್ದು ನಿಜ, ಸುಳ್ಳಿನ ಬೇರು ಇದ್ದಲ್ಲೇ ಇದೆ.

ಕೃತಕ ಬುದ್ಧಿಯ ಅಧ್ಯಾಯ ನಮ್ಮ ಊರಿಗೂ ಬರುತ್ತದೆ. ಕ್ವಾಲ್‌ಕಾಮ್ ಕಂಪೆನಿಯಲ್ಲಿ ದುಡಿದಿದ್ದ ಇಬ್ಬರು ೨೦೧೫ರಲ್ಲಿ ಹೂಡಿದ ನೆಟ್ರಡೈನ್ ಸಂಸ್ಥೆಗೆ ಒಂದು ನೆಲೆ ಸ್ಯಾನ್ ಡಿಯಾಗೋ, ಇನ್ನೊಂದು ಬೆಂಗಳೂರು. ಅವರ ಕ್ಯಾಮೆರಾ ಗಾಡಿಯೊಳಗೆ ಕುಳಿತು ರಸ್ತೆಯನ್ನೂ ನೋಡುತ್ತದೆ, ಚಾಲಕನ ಮುಖವನ್ನೂ ನೋಡುತ್ತದೆ. ಕೆಂಪು ದೀಪ ದಾಟಿದ್ದು, ಮುಂದಿನ ಗಾಡಿಗೆ ತೀರ ಹತ್ತಿರವಾದದ್ದು, ಕಣ್ಣು ತೂಗಿದ್ದು ಎಲ್ಲವನ್ನೂ ತಾನೇ ತೀರ್ಮಾನಿಸುತ್ತದೆ. ಒಳ್ಳೆಯ ಚಾಲನೆಗೂ ಅಂಕ ಕೊಡುತ್ತದೆ ಎಂಬುದನ್ನು ಮರೆಯಬಾರದು. ಹಳೆಯ ಟ್ಯಾಕೋಗ್ರಾಫಿಗೆ ಅಷ್ಟು ಸೌಜನ್ಯವಿರಲಿಲ್ಲ. ೨೦೨೧ರಲ್ಲಿ ಅಮೆಜಾನ್ ತನ್ನ ಸರಕು ವ್ಯಾನುಗಳಿಗೆ ಅಮೆರಿಕದಲ್ಲಿ ಇವನ್ನು ಹಾಕಿಸಿತು. ಬೇರೆಯವರು ಅಡ್ಡ ನುಗ್ಗಿದರೂ ತಪ್ಪು ತಮ್ಮ ಲೆಕ್ಕಕ್ಕೆ, ಪಕ್ಕದ ಕನ್ನಡಿ ನೋಡಿದರೂ ಗಮನ ತಪ್ಪಿದನೆಂಬ ಗುರುತು ಎಂದು ಚಾಲಕರು ಪತ್ರಿಕೆಗಳ ಮುಂದೆ ದೂರಿಕೊಂಡರು. ಇನ್ನೊಂದು ಕಡೆ, ಅಪಘಾತದಲ್ಲಿ ತನ್ನ ತಪ್ಪಿಲ್ಲವೆಂದು ಕೂಗಿದರೂ ಯಾರೂ ಕೇಳದ ಚಾಲಕನಿಗೆ ಅದೇ ಕ್ಯಾಮೆರಾ ಸಾಕ್ಷಿ ನುಡಿದು ಕಾಪಾಡುವುದೂ ಉಂಟು. ೨೦೨೩ರಲ್ಲಿ ಯುಪಿಎಸ್ ಚಾಲಕರ ಸಂಘ ಹೊಸ ಒಪ್ಪಂದಕ್ಕೆ ಕುಳಿತಾಗ, ಮುಖದ ಕಡೆ ತಿರುಗಿದ ಕ್ಯಾಮೆರಾ ಕೂಡದೆಂಬುದು ಅವರ ಬೇಡಿಕೆಗಳಲ್ಲಿ ಒಂದು. ರಸ್ತೆಯ ಕಡೆ ತಿರುಗಿದ ಕಣ್ಣಿಗೂ ಮುಖದ ಕಡೆ ತಿರುಗಿದ ಕಣ್ಣಿಗೂ ಇರುವ ಭೇದವನ್ನು ಅವರು ಸರಿಯಾಗಿಯೇ ಗುರುತಿಸಿದ್ದರು.

ನಮ್ಮ ನಾಡಿನಲ್ಲಿ ಈ ಯಂತ್ರ ಮೊದಲು ಬಂದದ್ದು ಪ್ರಯಾಣಿಕನ ಕಡೆಯಿಂದ. ೨೦೧೨ರಲ್ಲಿ ಮೈಸೂರಿನಲ್ಲಿ ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ಸುಮಾರು ೫೦೦ ನಗರ ಬಸ್ಸುಗಳಿಗೆ ಜಿಪಿಎಸ್ ಜೋಡಿಸಿ, ನಿಲ್ದಾಣಗಳಲ್ಲಿ ಬಸ್ಸು ಬರುವ ಹೊತ್ತನ್ನು ಫಲಕದ ಮೇಲೆ ತೋರಿಸಿತು. ಪೆನ್ಸಿಲು ಹಿಡಿದು ಬಸ್ಸಿನ ಹೊತ್ತು ಬರೆದುಕೊಳ್ಳುತ್ತಿದ್ದ ಕಂಟ್ರೋಲರನ ಪುಸ್ತಕ ಗೋಡೆಯ ಮೇಲೇರಿ ಎಲ್ಲರ ಕಣ್ಣಿಗೂ ಬಿದ್ದಂತಾಯಿತು. ೨೦೧೯ರ ಜನವರಿಯಿಂದ ದೇಶದ ಹೊಸ ಪ್ರಯಾಣಿಕ ವಾಹನಗಳಿಗೆ ನೆಲೆ ತಿಳಿಸುವ ಯಂತ್ರವೂ ಅಪಾಯದ ಗುಂಡಿಯೂ ಇರಬೇಕೆಂಬ ನಿಯಮ ಬಂತು. ಬಸ್ಸು ಎಲ್ಲಿದೆ ಎಂಬುದು ಈಗ ಗೊತ್ತಾಗುತ್ತದೆ. ನಡೆಸುತ್ತಿರುವವನು ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದ ಎಂದು ಆ ಯಂತ್ರವನ್ನು ಕೇಳುವವರಿಲ್ಲ. ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ೧೯೬೧ರಲ್ಲೇ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ಬರೆದಿಟ್ಟಿತ್ತು. ೨೦೨೨ರಲ್ಲಿ ನಮ್ಮ ರಸ್ತೆಗಳ ಮೇಲೆ ಸತ್ತವರು ೧,೬೮,೪೯೧ ಮಂದಿ. ಕಾಯಿದೆಯ ಅಂಕೆಗಳನ್ನು ಅಳೆಯಬಲ್ಲ ಯಂತ್ರ ಡ್ಯಾಷ್‌ಬೋರ್ಡಿನ ಹಿಂದೆಯೇ ಕುಳಿತಿದ್ದರೂ, ನಾವು ಅದರಿಂದ ಪಡೆಯುತ್ತಿರುವ ಕೆಲಸ ಹೆಚ್ಚಾಗಿ ಸರಕಿನದು, ಎಣ್ಣೆಯದು, ವೇಳಾಪಟ್ಟಿಯದು.

ಚಾಲಕನೇ ಇಲ್ಲದಿದ್ದರೆ ಈ ರಗಳೆಯೇ ಇರದಲ್ಲ ಎನ್ನುವವರೂ ಇದ್ದಾರೆ. ೨೦೨೫ರ ವಸಂತದಲ್ಲಿ ಟೆಕ್ಸಾಸಿನ ಡಲ್ಲಾಸ್–ಹ್ಯೂಸ್ಟನ್ ಹೆದ್ದಾರಿಯಲ್ಲಿ ಅರೋರಾ ಕಂಪೆನಿ ಸಾರಥಿಯಿಲ್ಲದ ಲಾರಿಗಳಿಂದ ಸರಕು ಸಾಗಿಸತೊಡಗಿತು. ಚಾಲಕನ ಪೀಠ ಬರಿದಾಗಿತ್ತು. ಕೆಲವೇ ವಾರಗಳಲ್ಲಿ, ಲಾರಿ ತಯಾರಿಸಿದವರ ಕೋರಿಕೆಯ ಮೇರೆಗೆ, ಆ ಪೀಠದಲ್ಲಿ ಮತ್ತೆ ಒಬ್ಬ ಮನುಷ್ಯನನ್ನು ತಂದು ಕೂರಿಸಿದರು. ಲಾರಿ ನಡೆಸುವುದು ಅವನ ಕೆಲಸವಾಗಿರಲಿಲ್ಲ. ಅವನಿಗೆ ಕೊಟ್ಟ ಹುದ್ದೆಯ ಹೆಸರು ವೀಕ್ಷಕ.