ಅರ್ಜಿಯ ಚರಿತ್ರೆ: ‘ದಯಮಾಡಿ’ಯಿಂದ ‘ನನಗೆ ಇದು ಬರುತ್ತದೆ’ವರೆಗೆ

ತಾಲ್ಲೂಕು ಕಚೇರಿ ಎದುರು ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವರನ್ನು ನೀವೆಲ್ಲ ನೋಡಿದ್ದೀರಿ. ಪಿಂಚಣಿ ಇರಲಿ, ಪಡಿತರ ಚೀಟಿ ಇರಲಿ, ಧಾಟಿ ಒಂದೇ: ‘ನಾನು ಕಡುಬಡವನಿದ್ದು, ತಾವು ದಯಮಾಡಿ...’ ಡಿಪ್ಲೊಮಾ ಮುಗಿಸಿದ ವರ್ಷ ಒಂದು ಪತ್ರಿಕೆಗೆ ಕೆಲಸ ಕೇಳಿ ನಾವು ಬರೆದ ಮೊದಲ ಪತ್ರವೂ ಹಾಗೇ ಇತ್ತು. ಮನೆಯ ಕಷ್ಟ ಒಂದು ಪುಟ. ನಮಗೆ ಬರುವ ಕೆಲಸದ ಬಗ್ಗೆ ಒಂದು ಸಾಲೂ ಇಲ್ಲ. ಉತ್ತರ ಬರಲಿಲ್ಲ.

ಈ ಧಾಟಿ ನಮಗೆ ಎಲ್ಲಿಂದ ಅಂಟಿತು?

1948ರ ಮೊದಲು ನಮ್ಮ ಈ ಊರುಗಳಿಗೆ ಮೂರು ಸರ್ಕಾರ. ಗದಗ-ಬೆಟಗೇರಿ ಮತ್ತು ಮುಂಡರಗಿ ಬ್ರಿಟಿಷರ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ಎರಡೂ ಕಡೆ ಪಟವರ್ಧನರ ಆಳ್ವಿಕೆ, ದರಬಾರಿನ ಭಾಷೆ ಮರಾಠಿ. ಬ್ರಿಟಿಷರ ಕಡೆ ದೊಡ್ಡ ನೌಕರಿಗೆ ಇಂಗ್ಲಿಷ್ ಬೇಕು. ಇಂಗ್ಲಿಷ್ ಕಲಿತವರಿಗೆ ಸರ್ಕಾರಿ ನೌಕರಿಯಲ್ಲಿ ಆದ್ಯತೆ ಎಂದು ಗವರ್ನರ್ ಜನರಲ್ ಹಾರ್ಡಿಂಜ್ 1844ರಲ್ಲೇ ಠರಾವು ಹೊರಡಿಸಿದ್ದ. ಕನ್ನಡವೊಂದೇ ಬಲ್ಲವನು ತನ್ನ ಮಾತನ್ನು ಇನ್ನೊಬ್ಬನ ಕೈಯಲ್ಲಿ ಬರೆಸಬೇಕಿತ್ತು. ಬರೆಯುವವನಿಗೆ ಒಕ್ಕಣೆ ಗೊತ್ತು, ಬರೆಸುವವನ ಕಸುಬು ಗೊತ್ತಿಲ್ಲ. ಹಾಗಾಗಿ ಕಾಗದದ ಮೇಲೆ ಒಕ್ಕಣೆ ಉಳಿಯಿತು, ಮನುಷ್ಯ ಉಳಿಯಲಿಲ್ಲ. ‘ಅರ್ಜಿ’ ಎಂಬ ಶಬ್ದವೂ ಅರಬ್ಬಿ-ಪಾರಸಿಯಿಂದ ದರಬಾರಿನ ಹಾದಿ ಹಿಡಿದು ಬಂದದ್ದೇ.

ಹತ್ತೊಂಬತ್ತನೇ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಧಾರವಾಡ ಸೀಮೆಯಲ್ಲಿ ಕನ್ನಡ ಸಾಲಿಗಳಿಗಾಗಿ ದುಡಿದರು. ಮುಂದೆ ಮುಲ್ಕಿ ಪರೀಕ್ಷೆ ಪಾಸಾದವರಿಗೆ ಸಾಲಿ ಮಾಸ್ತರಿಕೆಯ ಬಾಗಿಲು ತೆರೆಯಿತು. ‘ಮುಲ್ಕಿ ಪಾಸ್’ ಎಂಬ ಎರಡು ಶಬ್ದ ಸಣ್ಣವಲ್ಲ. ಅವು ಕಷ್ಟವನ್ನು ಹೇಳುವುದಿಲ್ಲ, ಯೋಗ್ಯತೆಯನ್ನು ಹೇಳುತ್ತವೆ.

ಇಟಲಿಯ ಲಿಯೊನಾರ್ಡೊ ಡಾ ವಿಂಚಿ 1482ರ ಸುಮಾರಿಗೆ ಮಿಲಾನಿನ ಲುಡೋವಿಕೊ ಸ್ಫೋರ್ಜಾನಲ್ಲಿ ಕೆಲಸ ಕೇಳಿ ಸಿದ್ಧಪಡಿಸಿದ ಪತ್ರದ ಕರಡು ಇಂದಿಗೂ ಉಳಿದಿದೆ. ಅದು ಯುದ್ಧದ ಕಾಲ. ಆದ್ದರಿಂದ ಹಗುರ ಸೇತುವೆ ಕಟ್ಟಬಲ್ಲೆ, ತೋಪು ಮಾಡಬಲ್ಲೆ ಎಂದು ಮೊದಲು ಎಣಿಸಿದ. ಚಿತ್ರ ಬರೆಯಬಲ್ಲೆ ಎಂದದ್ದು ಕೊನೆಗೆ. ಕೊಡುವವನಿಗೆ ಏನು ಬೇಕೋ ಅದು ಮೊದಲು, ಇಷ್ಟೇ ಗುಟ್ಟು.

ಅಷ್ಟು ದೂರ ಏಕೆ, ನಮ್ಮ ಗದುಗಿನ ಕುಮಾರವ್ಯಾಸನನ್ನೇ ನೋಡಿ. ಕಾವ್ಯದ ಮೊದಲಿಗೇ ತನ್ನ ಅಗ್ಗಳಿಕೆ ಹೇಳಿಕೊಳ್ಳುತ್ತಾನೆ: ಹಲಗೆ-ಬಳಪ ಹಿಡಿಯುವುದಿಲ್ಲ, ಇಟ್ಟ ಪದ ಅಳಿಸುವುದಿಲ್ಲ, ಪರರ ಹಾದಿ ತುಳಿಯುವುದಿಲ್ಲ. ಜೊತೆಗೆ ಕವಿ ವೀರನಾರಾಯಣ, ತಾನು ಬರಿ ಲಿಪಿಕಾರ ಎಂದೂ ಅನ್ನುತ್ತಾನೆ. ಅಲ್ಲಿ ವಿನಯ ಇದೆ, ದೈನ್ಯ ಇಲ್ಲ.

ಇವತ್ತು ಕೆಲಸದ ಪತ್ರ ಮೊಬೈಲಿನಿಂದಲೇ ಹೋಗುತ್ತದೆ. ಆದರೂ ಹಳೆಯ ಒಕ್ಕಣೆ ಹೋಗಿಲ್ಲ. ಗೆಳೆಯನ ಪತ್ರ ಕಾಪಿ ಮಾಡಿ, ಬೇರೆ ಕಂಪನಿ ಹೆಸರು ಹಾಗೇ ಬಿಟ್ಟು ಕಳಿಸುವವರೂ ಇದ್ದಾರೆ. ಬೆಟಗೇರಿಯ ನೇಕಾರರ ಮನೆಯ ಹುಡುಗಿ ಜವಳಿ ಅಂಗಡಿಗೆ ಬರೆಯುವಾಗ ‘ಬಡ ನೇಕಾರ ಮನೆತನದವಳು’ ಎನ್ನಬೇಕಿಲ್ಲ. ‘ಬಟ್ಟೆಯ ದೋಷ ಕಣ್ಣಿಗೆ ಬೀಳುತ್ತದೆ, ಮೂರು ವರ್ಷ ಮನೆಯ ಮಗ್ಗದ ಲೆಕ್ಕ ಬರೆದಿದ್ದೇನೆ’ ಎಂದರೆ ಸಾಕು. ಯಾವ ಕೆಲಸಕ್ಕೆ ಬರೆಯುತ್ತಿದ್ದೀರಿ, ಆ ಕೆಲಸಕ್ಕೆ ಒದಗುವಂಥದ್ದು ನೀವು ಏನು ಮಾಡಿದ್ದೀರಿ, ಯಾವಾಗ ಬರಬಲ್ಲಿರಿ, ಫೋನ್ ನಂಬರ್: ಒಂದು ಪುಟ ದಾಟಬೇಡಿ. ಮಾಡದ್ದನ್ನು ಮಾಡಿದ್ದೇನೆ ಎನ್ನಬೇಡಿ. ಸಂದರ್ಶನದಲ್ಲಿ ಮೊದಲು ಕೇಳುವುದೇ ಅದನ್ನು.

ನಾವು ಎರಡನೇ ಪತ್ರ ಬೇರೆ ಪತ್ರಿಕೆಗೆ ಬರೆದೆವು. ‘ಗದಗ ಎಪಿಎಂಸಿ ದರ ದಿನಾ ಕಳಿಸುತ್ತೇವೆ. ಮುಂಡರಗಿಯ ಕೊನೆ ಬಸ್ಸು ತಪ್ಪಿದರೂ ಸುದ್ದಿ ತಪ್ಪುವುದಿಲ್ಲ’ ಎಂದು ನಾಲ್ಕು ಸಾಲು. ಮೂರನೇ ದಿನ ಫೋನ್ ಬಂತು.