ಸ್ಲೈಡ್ ಪ್ರಸ್ತುತಿಗಳಲ್ಲಿ ವಿಡಿಯೊ ತುಣುಕುಗಳ ಬಳಕೆ

ಉಪನ್ಯಾಸ, ತರಗತಿಯ ಪಾಠ ಅಥವಾ ಸಭೆಯ ವರದಿಯಲ್ಲಿ ಸ್ಲೈಡುಗಳ ನಡುವೆ ಚಿಕ್ಕ ಚಲನಚಿತ್ರಿಕೆಗಳನ್ನು ತೋರಿಸುವ ಕ್ರಮವನ್ನು ಸ್ಲೈಡ್ ಪ್ರಸ್ತುತಿಗಳಲ್ಲಿ ವಿಡಿಯೊ ತುಣುಕುಗಳ ಬಳಕೆ ಎನ್ನಲಾಗುತ್ತದೆ. ಮಾತು ಮತ್ತು ಸ್ಥಿರಚಿತ್ರಗಳಿಂದ ವಿವರಿಸಲು ಕಷ್ಟವಾದ ಚಲನೆ, ಬದಲಾವಣೆ ಹಾಗೂ ಕ್ರಿಯೆಗಳ ಅನುಕ್ರಮವನ್ನು ತೋರಿಸುವುದು ಇದರ ಮುಖ್ಯ ಉದ್ದೇಶ.

ಹಿನ್ನೆಲೆ

ಪವರ್‌ಪಾಯಿಂಟ್ ತಂತ್ರಾಂಶವು 1987ರಲ್ಲಿ ಮ್ಯಾಕಿಂಟೋಷ್ ಗಣಕಗಳಿಗಾಗಿ ಬಿಡುಗಡೆಯಾಯಿತು. ಅದರ ಮೊದಲ ಆವೃತ್ತಿಯು ಓವರ್‌ಹೆಡ್ ಪ್ರೊಜೆಕ್ಟರಿನ ಕಪ್ಪು-ಬಿಳುಪು ಹಾಳೆಗಳನ್ನು ಸಿದ್ಧಪಡಿಸಲು ಬಳಕೆಯಾಗುತ್ತಿತ್ತು. ವಿಡಿಯೊ ಸೌಲಭ್ಯ ಬಂದ ನಂತರವೂ ವಿಡಿಯೊ ಕಡತವು ಸಾಮಾನ್ಯವಾಗಿ ಪ್ರಸ್ತುತಿಯ ಹೊರಗೆ ಉಳಿದು, ಕೊಂಡಿಯ ಮೂಲಕ ತೆರೆದುಕೊಳ್ಳುತ್ತಿತ್ತು. ಪ್ರಸ್ತುತಿಯನ್ನು ಮಾತ್ರ ಬೇರೆ ಗಣಕಕ್ಕೆ ಒಯ್ದರೆ ವಿಡಿಯೊ ಕಾಣುತ್ತಿರಲಿಲ್ಲ. 2010ರ ಆವೃತ್ತಿಯು ವಿಡಿಯೊವನ್ನು ಕಡತದೊಳಗೇ ಸೇರಿಸುವ ಹಾಗೂ ಅದರ ಆದಿ-ಅಂತ್ಯಗಳನ್ನು ಕತ್ತರಿಸುವ ಅನುಕೂಲವನ್ನು ಒದಗಿಸಿತು.

ಬೋಧನಾ ತತ್ವಗಳು

ಅಮೆರಿಕದ ಶೈಕ್ಷಣಿಕ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಬಹುಮಾಧ್ಯಮ ಕಲಿಕೆಯ ಸಿದ್ಧಾಂತದ ಪ್ರಕಾರ, ಕಲಿಯುವವರು ದೃಶ್ಯ ಮತ್ತು ಶ್ರವ್ಯ ಎಂಬ ಎರಡು ಮಾರ್ಗಗಳಿಂದ ವಿಷಯವನ್ನು ಗ್ರಹಿಸುತ್ತಾರೆ. ಎರಡರ ಸಾಮರ್ಥ್ಯವೂ ಸೀಮಿತ. ವಿಷಯಕ್ಕೆ ಸಂಬಂಧಿಸದ ಸಂಗೀತ ಮತ್ತು ಅಲಂಕಾರಗಳನ್ನು ಬಿಡುವುದು, ದೀರ್ಘ ವಿವರಣೆಯನ್ನು ಭಾಗಗಳಾಗಿ ಒಡೆಯುವುದು, ಮುಖ್ಯ ಅಂಶದತ್ತ ಗಮನ ಸೆಳೆಯುವುದು ಈ ಸಿದ್ಧಾಂತದಿಂದ ಬಂದ ಸಲಹೆಗಳು.

ಉದಾಹರಣೆ: ಟಕೋಮಾ ಸೇತುವೆಯ ಚಿತ್ರಿಕೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ನ್ಯಾರೋಸ್ ತೂಗುಸೇತುವೆಯು 1940ರ ನವೆಂಬರ್ 7ರಂದು ಗಾಳಿಗೆ ತಿರುಚಿಕೊಂಡು ಕುಸಿಯಿತು. ಆ ದೃಶ್ಯದ ಚಿತ್ರಿಕೆ ಭೌತಶಾಸ್ತ್ರದ ತರಗತಿಗಳಲ್ಲಿ ಹೆಸರುವಾಸಿಯಾಗಿದೆ. ಉಕ್ಕು ಮತ್ತು ಕಾಂಕ್ರೀಟಿನ ರಸ್ತೆ ಬಟ್ಟೆಯಂತೆ ಹೊರಳುವುದನ್ನು ಯಾವ ರೇಖಾಚಿತ್ರವೂ ಅಷ್ಟು ಮನಗಾಣಿಸಲಾರದು. ಆದರೆ ಇದನ್ನು ಸರಳ ಅನುರಣನಕ್ಕೆ ನಿದರ್ಶನವೆಂದು ತೋರಿಸುವುದು ರೂಢಿಯಾಗಿದ್ದು, ಆ ವಿವರಣೆ ಸಮರ್ಪಕವಲ್ಲವೆಂದು ಬಿಲ್ಲಾ ಮತ್ತು ಸ್ಕ್ಯಾನ್ಲನ್ 1991ರಲ್ಲಿ ತೋರಿಸಿಕೊಟ್ಟರು. ಸೇತುವೆಯ ತಿರುಚಲನೆಯೇ ಗಾಳಿಯಿಂದ ಶಕ್ತಿಯನ್ನು ಸೆಳೆದು ತನ್ನನ್ನು ಹೆಚ್ಚಿಸಿಕೊಂಡಿತ್ತು. ಸೆಕೆಂಡಿಗೆ 16 ಚೌಕಟ್ಟುಗಳ ವೇಗದಲ್ಲಿ ತೆಗೆದ ಚಿತ್ರವನ್ನು 24ರ ವೇಗಕ್ಕೆ ಪರಿವರ್ತಿಸಿದ ಪ್ರತಿಗಳಲ್ಲಿ ಸೇತುವೆಯು ವಾಸ್ತವಕ್ಕಿಂತ ಬೇಗ ಓಲಾಡುತ್ತದೆ. ದೃಶ್ಯವು ನೈಜವಾಗಿದ್ದರೂ ಜೊತೆಗಿನ ವಿವರಣೆ ತಪ್ಪಿದರೆ ನೋಡುಗರ ಮನಸ್ಸಿನಲ್ಲಿ ತಪ್ಪೇ ಬಲವಾಗಿ ಉಳಿಯುತ್ತದೆ ಎಂಬುದಕ್ಕೆ ಇದು ನಿದರ್ಶನ.

ಬಳಕೆಯ ಕ್ರಮ

• ತುಣುಕಿನ ಮೂಲ, ಕಾಲ ಮತ್ತು ವೇಗವನ್ನು ಮೊದಲೇ ಪರಿಶೀಲಿಸುವುದು.
• ಅಗತ್ಯವಾದ ಭಾಗವನ್ನು ಮಾತ್ರ ಉಳಿಸಿಕೊಳ್ಳುವುದು.
• ತೋರಿಸುವ ಮುನ್ನ ಏನನ್ನು ಗಮನಿಸಬೇಕೆಂದು ತಿಳಿಸಿ, ಮುಗಿದ ನಂತರ ಪ್ರಶ್ನೆ ಕೇಳುವುದು.
• ಮುಖ್ಯ ಘಟ್ಟದಲ್ಲಿ ನಿಲ್ಲಿಸಿ ವಿವರಿಸುವುದು. ಬೇಕಾದರೆ ಧ್ವನಿಯಿಲ್ಲದೆ ಮರಳಿ ತೋರಿಸುವುದು.
• ಶ್ರವಣದೋಷವುಳ್ಳವರಿಗಾಗಿ ಉಪಶೀರ್ಷಿಕೆಗಳನ್ನು ಒದಗಿಸುವುದು.

ತಾಂತ್ರಿಕ ಅಂಶಗಳು

ಎಂಪಿ4 ರೂಪದ ಕಡತಗಳು ಬಹುತೇಕ ತಂತ್ರಾಂಶಗಳಲ್ಲಿ ತೆರೆಯುತ್ತವೆ. ಅಂತರಜಾಲದ ಕೊಂಡಿಯನ್ನು ನಂಬಿದ ಪ್ರಸ್ತುತಿಯು ಸಂಪರ್ಕ ಕಡಿದಾಗ ನಿಂತುಹೋಗುತ್ತದೆ. ಪ್ರೊಜೆಕ್ಟರ್ ಹಾಗೂ ಧ್ವನಿವರ್ಧಕಗಳನ್ನು ಅದೇ ಸಭಾಂಗಣದಲ್ಲಿ ಪರೀಕ್ಷಿಸಿ, ಮುಖ್ಯ ದೃಶ್ಯದ ಸ್ಥಿರಚಿತ್ರವೊಂದನ್ನು ಬದಲಿಯಾಗಿ ಇಟ್ಟುಕೊಳ್ಳುವುದು ಸೂಕ್ತ.

ಹಕ್ಕುಸ್ವಾಮ್ಯ

ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಕಲಮು ಬೋಧನೆಯ ಸಂದರ್ಭದ ಕೆಲವು ಬಳಕೆಗಳಿಗೆ ವಿನಾಯಿತಿ ನೀಡುತ್ತದೆ. ತರಗತಿಯ ಈ ವಿನಾಯಿತಿಯು ಸಾರ್ವಜನಿಕ ಅಥವಾ ವಾಣಿಜ್ಯ ಪ್ರದರ್ಶನಗಳಿಗೂ ತಾನಾಗಿ ಅನ್ವಯಿಸುವುದಿಲ್ಲ.